ಕ್ರೋಮಿನ ಪೇಟೆ, ಪಾಲಾರಿನ ನೀರು

ನಾವು ವಾಸಿಸುವ ಊರಿನ ಹೆಸರಿನಲ್ಲಿ ದೇವರಿಲ್ಲ, ಅರಸನಿಲ್ಲ, ಕೆರೆಯೂ ಇಲ್ಲ. ಇರುವುದು ಒಂದು ಲೋಹ. ಚೆನ್ನೈಯ ದಕ್ಷಿಣಕ್ಕೆ, ಪಲ್ಲಾವರಕ್ಕೂ ತಾಂಬರಕ್ಕೂ ನಡುವೆ ರೈಲು ನಿಲ್ಲುವ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಚೇಂಬರ್ಸ್ ಎಂಬ ಉದ್ಯಮಿ ನಡೆಸುತ್ತಿದ್ದ ಕ್ರೋಂ ಲೆದರ್ ಕಂಪನಿಯಿಂದ. ಪರಿಸರಸ್ನೇಹಿ ಗೃಹಕೃತ್ಯದ ಮಾತು ಬಂದಾಗಲೆಲ್ಲ ನಮ್ಮವರು ಅಜ್ಜಿಯ ಅಡುಗೆಮನೆಯನ್ನು ನೆನೆಯುತ್ತಾರೆ. ಈ ಪೇಟೆಯಲ್ಲಿದ್ದುಕೊಂಡು ಆ ಮಾತನ್ನು ಆಡುವುದಾದರೆ ಕಾರ್ಖಾನೆಯನ್ನೂ ನೆನೆಯಲೇಬೇಕು.

ಕ್ರೋಮಿಗಿಂತ ಮೊದಲು ದಕ್ಷಿಣದ ಚರ್ಮವೆಲ್ಲ ಹದಗೊಳ್ಳುತ್ತಿದ್ದುದು ಗಿಡದ ತೊಗಟೆಯಿಂದ. ಬಯಲುಸೀಮೆಯಲ್ಲಿ ತಂಗಡಿ ಎಂದೂ ಆವರಿಕೆ ಎಂದೂ ಕರೆಯುವ, ಹಳದಿ ಹೂವಿನ ಗಿಡವೇ ಅದು; ತಮಿಳರಿಗೆ ಆವಾರಂ. ತೊಗಟೆಯ ನೀರಿನಲ್ಲಿ ಚರ್ಮ ವಾರಗಟ್ಟಲೆ ನೆನೆಯಬೇಕಿತ್ತು. ಕ್ರೋಮಿಯಂ ಲವಣ ಆ ಕೆಲಸವನ್ನು ಕೆಲವೇ ದಿನಗಳಿಗೆ ಇಳಿಸಿತು. ಮದ್ರಾಸಿನಲ್ಲಿ 1903ರ ಸುಮಾರಿಗೆ ಈ ಪ್ರಯೋಗಕ್ಕೆ ಕೈಹಾಕಿದವರು ಆಲ್ಫ್ರೆಡ್ ಚಾಟರ್ಟನ್. ಅವರ ಕಣ್ಣಿದ್ದದ್ದು ಬೂಟಿನ ಮೇಲಷ್ಟೇ ಅಲ್ಲ, ರೈತನ ಕಪಿಲೆಯ ಮೇಲೂ. ಬಾವಿಯಿಂದ ನೀರೆತ್ತುವ ತೊಗಲ ಚೀಲ ಬೇಗನೆ ಕೊಳೆತುಹೋಗುತ್ತಿತ್ತು. ಕ್ರೋಂ ಚರ್ಮ ನೀರಿಗೆ ಜಗ್ಗದು. ಹೆಚ್ಚು ಕಾಲ ಬಾಳುವ ವಸ್ತುವನ್ನು ಬಳಸಿರಿ ಎಂದು ಇಂದು ನಮಗೆ ಬೋಧಿಸುವವರು ಅಂದು ಇದ್ದಿದ್ದರೆ ಚಾಟರ್ಟನ್ನರ ಬೆನ್ನು ತಟ್ಟುತ್ತಿದ್ದರು. ಸರ್ಕಾರ ಕೈಗಾರಿಕೆ ನಡೆಸಬಾರದೆಂದು 1910ರಲ್ಲಿ ಲಂಡನ್ನಿನಿಂದ ಮಾರ್ಲೆಯವರ ತಾಕೀತು ಬಂದ ಮೇಲೆ ಸರ್ಕಾರಿ ಕಾರ್ಖಾನೆ ರೇವಾ ಸಂಸ್ಥಾನದ ಪಾಲಾಯಿತು. ವಿದ್ಯೆ ಮಾತ್ರ ಖಾಸಗಿ ಕೈಗಳಲ್ಲಿ ಇಲ್ಲಿಯೇ ಬೇರೂರಿತು.

ಈ ಚಾಟರ್ಟನ್ ಕನ್ನಡಿಗರಿಗೆ ಅಪರಿಚಿತರಲ್ಲ. 1912ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಅಲ್ಲಿಯ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರು ಅವರೇ. ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲಿಯೇ ಉಳಿದಾಗ, ಗಂಧದೆಣ್ಣೆಯನ್ನು ನಾವೇ ತೆಗೆಯುವ ಉದ್ಯಮವನ್ನು 1916ರಲ್ಲಿ ನಿಲ್ಲಿಸಿದವರಲ್ಲಿ ಅವರೂ ಒಬ್ಬರು. ಅದಕ್ಕೂ ಮೊದಲು, 1898ರಿಂದ, ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ತೊಡಗಿದವರೂ ಅವರೇ. ಹಿತ್ತಾಳೆ ಪಾತ್ರೆಗೆ ಕಲಾಯಿ ಬೇಕು, ಹುಣಸೆಹಣ್ಣು ಬೇಕು, ಬೂದಿ ಬೇಕು, ಉಜ್ಜುವ ತೋಳಿನಲ್ಲಿ ಬಲ ಬೇಕು. ಹಗುರಾದ ಅಲ್ಯೂಮಿನಿಯಂ ಬಂದಾಗ ಅಜ್ಜಿಯಂದಿರು ಅದನ್ನು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವೇನು? ಹಿಂದಿನವರ ಬದುಕು ಪ್ರಕೃತಿಗೆ ಹತ್ತಿರವಿತ್ತೆಂಬುದು ನಿಜ. ಆದರೆ ಆ ಸಾಮೀಪ್ಯದ ಹೊರೆಯನ್ನು ಹೊತ್ತವರು ಬಹುಪಾಲು ಹೆಂಗಸರು, ಮನೆಗೆಲಸದವರು. ಹಿತ್ತಾಳೆಯ ಕಾಲವನ್ನು ಹೊಗಳುವವರಲ್ಲಿ ಅದನ್ನು ಉಜ್ಜಿದವರನ್ನು ನಾವು ಕಂಡದ್ದು ಕಡಿಮೆ.

ಹೊಸ ಅನುಕೂಲಕ್ಕೂ ಬೆಲೆಯಿತ್ತು. ಹಸಿ ಚರ್ಮ ಕೆಡದಿರಲೆಂದು ಅದಕ್ಕೆ ಉಪ್ಪು ಸವರುತ್ತಾರೆ. ಕಾರ್ಖಾನೆಯಲ್ಲಿ ಮೊದಲು ತೊಳೆದು ಚೆಲ್ಲುವುದೇ ಆ ಉಪ್ಪನ್ನು, ಆಮೇಲೆ ಸುಣ್ಣವನ್ನು, ಕೊನೆಗೆ ಚರ್ಮಕ್ಕೆ ಹಿಡಿಯದೆ ಉಳಿದ ಕ್ರೋಮನ್ನು. ಕ್ರೋಂಪೇಟೆಯ ನಾಗಲ್ಕೇಣಿಯ ಸುತ್ತ ಹತ್ತಾರು ಹದಗಾರಿಕೆಯ ಘಟಕಗಳು ಬೆಳೆದು, ಅಲ್ಲಿಯ ಅಂತರ್ಜಲ ಉಪ್ಪಾಗಿ, ಕ್ರೋಮಿಯಂ ಬೆರೆತು, ಸಂಶೋಧಕರ ಅಧ್ಯಯನದ ವಸ್ತುವಾಯಿತು. ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಪಾಲಾರಿನ ದಡದಲ್ಲಿ, ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಲ್ಲಿ. ಪಾಲಾರು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರದ ಬೇತಮಂಗಲದಲ್ಲಿ ಕೆರೆಯಾಗಿ ನಿಂತು ಚಿನ್ನದ ಗಣಿಯ ಊರಿಗೆ ನೀರು ಕೊಟ್ಟ ಹೊಳೆ ಅದು. ಅಂಥ ಹೊಳೆ ಕೆಳಗೆ ಬಂದು ತೊಗಲಿನ ಕೊಳಚೆ ಹೊತ್ತಿತು. ವೆಲ್ಲೂರಿನ ನಾಗರಿಕರ ವೇದಿಕೆಯೊಂದು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಆಗಸ್ಟ್ 28ರಂದು ತೀರ್ಪಿತ್ತು, ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ಈ ನೆಲದ ಕಾನೂನಿನ ಭಾಗವೆಂದು ಸಾರಿತು. ಪ್ರತಿ ಕಾರ್ಖಾನೆಗೂ ಹತ್ತು ಸಾವಿರ ರೂಪಾಯಿ ದಂಡ ಬಿತ್ತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಆ ಪಾಲಾರಿನದೇ ಮರಳಿನಡಿಯ ನೀರು ಇನ್ನೂ ಕೆಳಗೆ, ಚೆಂಗಲ್ಪಟ್ಟಿನ ಕಡೆಯಿಂದ, ನಮ್ಮ ಭಾಗದ ನಲ್ಲಿಗಳಿಗೂ ಬರುತ್ತದೆ.

ಹೀಗಾಗಿ ಇಲ್ಲಿಯ ಮನೆಗಳಲ್ಲಿ ಮಿತವ್ಯಯವೆಂಬುದು ಆದರ್ಶವಾಗಿ ಬಂದದ್ದಲ್ಲ, ಆಜ್ಞೆಯಾಗಿ, ಅಭಾವವಾಗಿ ಬಂದದ್ದು. 2003ರ ಸುಗ್ರೀವಾಜ್ಞೆ ತಮಿಳುನಾಡಿನ ಪ್ರತಿ ಕಟ್ಟಡಕ್ಕೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಮಾಳಿಗೆಯ ಕೊಳವೆಗಳು ಅವಸರದಲ್ಲಿ ನೆಲಕ್ಕಿಳಿದವು. ಎಷ್ಟೋ ಕಡೆ ಅದು ಅಧಿಕಾರಿಗೆ ತೋರಿಸಲಿಕ್ಕಷ್ಟೇ ಇತ್ತೆನ್ನುವುದನ್ನೂ ಹೇಳಬೇಕು. 2019ರ ಬೇಸಗೆ ನಿಜವಾದ ಪಾಠ ಹೇಳಿತು. ನಗರಕ್ಕೆ ನೀರುಣಿಸುವ ಕೆರೆಗಳು ಒಣಗಿ, ಜುಲೈ 12ರಂದು ಜೋಲಾರಪೇಟೆಯಿಂದ ಐವತ್ತು ಬೋಗಿಗಳ ರೈಲು 25 ಲಕ್ಷ ಲೀಟರ್ ಕಾವೇರಿ ನೀರನ್ನು ಹೊತ್ತು ಬಂತು. ಕಾವೇರಿಯ ಹೆಸರೆತ್ತಿದರೆ ತುಟಿ ಬಿಗಿಯುವ ಅಭ್ಯಾಸ ನಮಗೂ ಇದೆ, ನೆರೆಮನೆಯವರಿಗೂ ಇದೆ. ಆ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಒಂದೇ ಸಾಲಿನಲ್ಲಿ ಕೊಡ ಇಟ್ಟು ನಿಂತೆವು.

ಆಗ ಕಲಿತದ್ದರಲ್ಲಿ ಕೆಲವು ಉಳಿದಿವೆ. ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರು ಬಕೆಟ್ಟಿಗೆ ಬಿದ್ದು ನೆಲ ಒರೆಸಲು ಹೋಗುತ್ತದೆ. ಅದರಲ್ಲಿ ಉಪ್ಪು ಹೆಚ್ಚು, ಗಿಡಕ್ಕೆ ಹಾಕಬಾರದು. ಅಕ್ಕಿ ತೊಳೆದ ನೀರು ಕರಿಬೇವಿಗೆ. ಹಸಿಕಸ ತೂತುಮಡಕೆಯಲ್ಲಿ ಗೊಬ್ಬರವಾಗುತ್ತದೆ. ಈ ವಿಷಯದಲ್ಲಿ ಗುರುಗಳು ನಮಗೆ ನೆರೆಯ ಪಮ್ಮಲ್‌ನಲ್ಲಿಯೇ ಇದ್ದರು. ಅಲ್ಲಿಯ ಒಂದು ಬಡಾವಣೆಯ ಗೃಹಿಣಿಯರು 1990ರ ದಶಕದಲ್ಲಿಯೇ ಸಂಘ ಕಟ್ಟಿಕೊಂಡು, ಕಸವನ್ನು ಮನೆಬಾಗಿಲಲ್ಲೇ ಬೇರ್ಪಡಿಸಿ ಎರೆಗೊಬ್ಬರ ಮಾಡತೊಡಗಿದ್ದರು. 2019ರ ಜನವರಿ 1ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷಿದ್ಧವಾಯಿತು. 2021ರ ಡಿಸೆಂಬರಿನಲ್ಲಿ ಸರ್ಕಾರ ಹಳೆಯ ಮಂಜಪ್ಪೈಯನ್ನು, ಎಂದರೆ ಮದುವೆಮನೆಗಳಲ್ಲಿ ತಾಂಬೂಲದೊಡನೆ ಕೊಡುತ್ತಿದ್ದ ಹಳದಿ ಬಟ್ಟೆಚೀಲವನ್ನು, ಮತ್ತೆ ಚಲಾವಣೆಗೆ ತಂದಿತು. ನಮ್ಮ ಬಾಗಿಲ ಹಿಂದಿನ ಮೊಳೆಗೆ ಅಂಥವು ಮೂರು ತೂಗುತ್ತಿವೆ. ಒಂದರ ಮೇಲೆ ಮೈಸೂರಿನ ಮದುವೆಯ ವಧೂವರರ ಹೆಸರು ಇನ್ನೂ ಅಳಿಸಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗೆ ಹರಿಯುತ್ತದೆ, ಚಾಟರ್ಟನ್ನರ ಕಾಲದಲ್ಲಿ ಮೊದಲಾದ ಗಂಧದ ಸೋಪಿನ ನೊರೆಯೊಂದಿಗೆ.