ಸಾಲುಗಳ ನಡುವೆ ಓದಿದವರು: ಕುಲದೀಪ್ ನಯ್ಯರ್ ಮತ್ತು ಅವರ ಓದುಗರು

ಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಮಾಲೀಕರನ್ನೂ ಸಂಪಾದಕರನ್ನೂ ಹೆಸರಿಸಿ ನೆನೆಯುತ್ತಾರೆ. ಓದುಗರು ಮಾತ್ರ ಆ ಚರಿತ್ರೆಯೊಳಗೆ ಪ್ರಸಾರದ ಅಂಕಿಗಳಾಗಿ ಕರಗಿಹೋಗುತ್ತಾರೆ. ಆದರೆ ಅಂಕಣಕಾರನೊಬ್ಬನ ಚರಿತ್ರೆಯನ್ನು ಅವನ ಓದುಗರನ್ನು ಬಿಟ್ಟು ಬರೆಯಲು ಬರುವುದಿಲ್ಲ. ವರದಿಗಾರನನ್ನು ಸುದ್ದಿಗಾಗಿ ಓದುತ್ತೇವೆ. ಅಂಕಣಕಾರನನ್ನು ಒಪ್ಪುವುದಕ್ಕೆ, ಜಗಳವಾಡುವುದಕ್ಕೆ, ಕೆಲವೊಮ್ಮೆ ಬೈಯುವುದಕ್ಕೂ ಓದುತ್ತೇವೆ. ಈ ಮೂರೂ ಬಗೆಯ ಓದುಗರನ್ನು ಅರ್ಧ ಶತಮಾನದ ಕಾಲ ಜೊತೆಯಲ್ಲಿಟ್ಟುಕೊಂಡವರು ಕುಲದೀಪ್ ನಯ್ಯರ್ (1923–2018). ಅವರ ‘ಬಿಟ್ವೀನ್ ದ ಲೈನ್ಸ್’ ಅಂಕಣ ಹದಿನಾಲ್ಕು ಭಾಷೆಗಳ ಸುಮಾರು ಎಂಬತ್ತು ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿತ್ತೆಂದು ಹೇಳಲಾಗುತ್ತದೆ. ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿ, ಮನೆಯಲ್ಲಿ ಕನ್ನಡವನ್ನೂ ಮುಂಜಾನೆಯ ಪತ್ರಿಕೆಯಲ್ಲಿ ಇಂಗ್ಲಿಷನ್ನೂ ಓದುತ್ತ ಬಂದ ನಮ್ಮಂಥವರಿಗೂ ಆ ಹೆಸರು ಪರಿಚಿತ. ಅವರ ಬಗ್ಗೆ ಓದುಗರು ಕೊಟ್ಟ ತೀರ್ಪುಗಳು ಏಕೆ ಅಷ್ಟು ಭಿನ್ನವಾಗಿವೆ ಎಂಬುದನ್ನು ಇಲ್ಲಿ ವಿಚಾರಿಸಲು ಬಯಸುತ್ತೇವೆ.

ನಯ್ಯರ್ ಹುಟ್ಟಿದ್ದು ಸಿಯಾಲ್‌ಕೋಟಿನಲ್ಲಿ. ಕಾನೂನು ಓದಿದ್ದು ಲಾಹೋರಿನಲ್ಲಿ. ವಿಭಜನೆ ಅವರನ್ನು ದೆಹಲಿಗೆ ತಂದು ನಿಲ್ಲಿಸಿತು. ಅಲ್ಲಿ ಅವರಿಗೆ ದೊರೆತ ಮೊದಲ ಕೆಲಸ ‘ಅಂಜಾಮ್’ ಎಂಬ ಉರ್ದು ಪತ್ರಿಕೆಯಲ್ಲಿ. ಆ ಪದಕ್ಕೆ ಕೊನೆ ಎಂಬ ಅರ್ಥವಿರುವುದರಿಂದ, ತಮ್ಮ ವೃತ್ತಿಯ ಆರಂಭವೇ ಅಂತ್ಯದಿಂದ ಆಯಿತೆಂದು ಅವರು ತಮಾಷೆಯಾಗಿ ಹೇಳುತ್ತಿದ್ದರು. ಈ ದೇಶದಲ್ಲಿ ಉರ್ದುವಿಗೆ ಭವಿಷ್ಯವಿಲ್ಲ, ಇಂಗ್ಲಿಷಿಗೆ ಹೊರಳು ಎಂದು ಅವರಿಗೆ ಬುದ್ಧಿ ಹೇಳಿದವರು ಬೇರಾರೂ ಅಲ್ಲ, ಉರ್ದುವಿನ ಹಿರಿಯ ಕವಿ ಹಸರತ್ ಮೊಹಾನಿ. ಮುಂದೆ ಅಮೆರಿಕದಲ್ಲಿ ಪತ್ರಿಕೋದ್ಯಮದ ಶಿಕ್ಷಣ ಪಡೆದು, ಗೋವಿಂದ ವಲ್ಲಭ ಪಂತ್ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರ ಬಳಿ ಮಾಹಿತಿ ಅಧಿಕಾರಿಯಾಗಿದ್ದು, ಬಳಿಕ ಯು.ಎನ್.ಐ., ‘ಸ್ಟೇಟ್ಸ್‌ಮನ್’, ‘ಇಂಡಿಯನ್ ಎಕ್ಸ್‌ಪ್ರೆಸ್’ ಹೀಗೆ ಅವರ ದಾರಿ ಸಾಗಿತು. ಭಾಷೆಯನ್ನು ಬಿಟ್ಟು ಬಂದವನ ಅಳುಕು, ಊರನ್ನು ಬಿಟ್ಟು ಬಂದವನ ನೆನಪು ಎರಡೂ ಅವರ ಬರಹದ ತಳದಲ್ಲಿದ್ದವು. ಹೊರನಾಡಿನ ಕನ್ನಡಿಗರಾದ ನಮಗೆ ಇದು ತಾನಾಗಿ ಅರ್ಥವಾಗುವ ಸಂಗತಿ. ಆದರೆ ನಾವು ಬಿಟ್ಟ ಊರಿಗೆ ರೈಲು ಹತ್ತಿ ಮರಳಬಹುದು; ಅವರು ಬಿಟ್ಟ ಊರಿಗೆ ವೀಸಾ ಬೇಕಿತ್ತು.

ಅವರ ಮೇಲೆ ಓದುಗರು ಹೊರಿಸಿದ ಮೊದಲ ಆಕ್ಷೇಪ ಸುದ್ದಿಗೆ ಸಂಬಂಧಿಸಿದ್ದು. ಮೇ 1964ರಲ್ಲಿ ನೆಹರೂ ತೀರಿಕೊಂಡಾಗ ನಯ್ಯರ್ ಯು.ಎನ್.ಐ.ಯಲ್ಲಿದ್ದರು. ಮೊರಾರ್ಜಿ ದೇಸಾಯಿ ಪ್ರಧಾನಿ ಪದವಿಯ ಸ್ಪರ್ಧೆಗೆ ಮೊದಲು ಇಳಿದಿದ್ದಾರೆ, ಶಾಸ್ತ್ರಿಯವರು ಹಿಂಜರಿಯುತ್ತಿದ್ದಾರೆ ಎಂಬ ಅರ್ಥದ ಅವರ ಸುದ್ದಿ ದೇಶದ ಪತ್ರಿಕೆಗಳಿಗೆ ಹರಿಯಿತು. ಶೋಕದ ದಿನಗಳಲ್ಲಿ ಅವಸರ ತೋರಿದವರೆಂಬ ಹಣೆಪಟ್ಟಿ ಮೊರಾರ್ಜಿಯವರಿಗೆ ಅಂಟಿಕೊಂಡಿತು. ತಮಗಾದ ನಷ್ಟಕ್ಕೆ ಆ ಸುದ್ದಿಯೇ ಕಾರಣವೆಂದು ಮೊರಾರ್ಜಿಯವರ ಕಡೆಯವರು ನಂಬಿದರು. ಕಾಮರಾಜರು ಕಿವಿಯಲ್ಲಿ ಧನ್ಯವಾದ ಹೇಳಿದರೆಂದು ನಯ್ಯರರೇ ಬರೆದುಕೊಂಡಿದ್ದಾರೆ. ಶಾಸ್ತ್ರಿಯವರ ಬಳಿ ಕೆಲಸ ಮಾಡಿದ್ದವನು ಆ ಸುದ್ದಿಯನ್ನು ನಿಷ್ಪಕ್ಷಪಾತವಾಗಿ ಬರೆದನೇ ಎಂಬ ಪ್ರಶ್ನೆ ಅವರ ಬೆನ್ನನ್ನು ಬಿಡಲಿಲ್ಲ. ಸುದ್ದಿ ಸುಳ್ಳೆಂದು ಯಾರೂ ಹೇಳಲಿಲ್ಲ; ಆದರೆ ನಿಜವಾದ ಸುದ್ದಿಯೂ ಒಬ್ಬರ ಪಾಲಿಗೆ ಆಯುಧವಾಗಬಲ್ಲದು ಎಂಬುದನ್ನು ಓದುಗರು ಆಗಲೇ ಗಮನಿಸಿದ್ದರು.

ಈ ಸಂಶಯವನ್ನು ಬಹುಮಟ್ಟಿಗೆ ತೊಳೆದದ್ದು ತುರ್ತುಪರಿಸ್ಥಿತಿ. ಜೂನ್ 1975ರ ಕೊನೆಯಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಿದ್ದಾಗ ನಯ್ಯರ್ ದೆಹಲಿಯ ಪ್ರೆಸ್ ಕ್ಲಬ್ಬಿನಲ್ಲಿ ನೂರಕ್ಕೂ ಹೆಚ್ಚು ಪತ್ರಕರ್ತರನ್ನು ಸೇರಿಸಿ ಖಂಡನಾ ನಿರ್ಣಯಕ್ಕೆ ಸಹಿ ಪಡೆದರು. ಅಂಕಣದಲ್ಲಿ ನೇರವಾಗಿ ಬರೆಯುವಂತಿರಲಿಲ್ಲ. ಆಗ ಅವರು ಪಾಕಿಸ್ತಾನದ ಭುಟ್ಟೋ ಅವರನ್ನು ಉದ್ದೇಶಿಸಿ, ಅಲ್ಲಿನ ಪತ್ರಿಕೆಗಳ ಬಾಯಿಗೆ ಬಿದ್ದ ಬೀಗವನ್ನು ಕುರಿತು ಬರೆದರು. ಸೆನ್ಸಾರ್ ಅಧಿಕಾರಿಗೆ ಅದು ನೆರೆದೇಶದ ವಿಚಾರ. ಓದುಗನಿಗೆ ತನ್ನ ಮನೆಯ ವಿಚಾರ. ಅಂಕಣದ ಹೆಸರು ಅಂದು ಪೂರ್ಣವಾಗಿ ಸಾರ್ಥಕವಾಯಿತು. ಸಾಲುಗಳ ನಡುವೆ ಬರೆಯುವವನು ಒಬ್ಬನಾದರೆ ಸಾಲದು, ಅಲ್ಲಿ ಓದಬಲ್ಲವರು ಸಾವಿರಾರು ಜನ ಬೇಕು. ಜುಲೈ ತಿಂಗಳಿನಲ್ಲಿ ಮೀಸಾ ಕಾಯ್ದೆಯಡಿ ಅವರನ್ನು ಬಂಧಿಸಿ ತಿಹಾರ್ ಜೈಲಿಗೆ ಕಳಿಸಿದ್ದನ್ನು ನೋಡಿದರೆ, ಸರ್ಕಾರವೂ ತಡವಾಗಿಯಾದರೂ ಆ ಓದನ್ನು ಕಲಿತಿತ್ತೆಂದು ತೋರುತ್ತದೆ.

ಅವರ ಪತ್ನಿ ಭಾರತಿಯವರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ತೀರ್ಪು ಬರುವ ಮೊದಲೇ ಸರ್ಕಾರ ಬಂಧನವನ್ನು ಹಿಂತೆಗೆದುಕೊಂಡರೂ, ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ರಂಗರಾಜನ್ ಮತ್ತು ಅಗರ್‌ವಾಲ್ ಸೆಪ್ಟೆಂಬರ್ 1975ರಲ್ಲಿ ತೀರ್ಪನ್ನು ಕೊಟ್ಟೇಬಿಟ್ಟರು: ಬಂಧನಕ್ಕೆ ಆಧಾರವಿರಲಿಲ್ಲ. ಅದರ ಬೆಲೆಯನ್ನು ತೆತ್ತವರು ಆ ನ್ಯಾಯಮೂರ್ತಿಗಳು. ಒಬ್ಬರಿಗೆ ಗುವಾಹಟಿಗೆ ವರ್ಗ. ಇನ್ನೊಬ್ಬರನ್ನು ಸೆಷನ್ಸ್ ನ್ಯಾಯಾಧೀಶರ ಹುದ್ದೆಗೆ ಹಿಂದಕ್ಕೆ ಕಳಿಸಲಾಯಿತು. ಇದೇ ಕಾಲದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂದಿಗಳಾಗಿದ್ದರು. ಅಲ್ಲಿಯೇ ಸೆರೆವಾಸದಿಂದ ಜರ್ಜರಿತರಾದ ಸ್ನೇಹಲತಾ ರೆಡ್ಡಿ ಬಿಡುಗಡೆಯ ಬೆನ್ನಿಗೇ, ಜನವರಿ 1977ರಲ್ಲಿ ಕೊನೆಯುಸಿರೆಳೆದರು. ಅದೇ ತಿಂಗಳು, ಅಧಿಕೃತ ಪ್ರಕಟಣೆಗೆ ಮುನ್ನವೇ, ಚುನಾವಣೆ ನಡೆಯಲಿದೆ ಎಂಬ ಸುದ್ದಿಯನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ಗೆ ಕೊಟ್ಟವರು ನಯ್ಯರ್. ಆ ಪೀಳಿಗೆಯ ಓದುಗರು ಮುಂದೆ ಅವರು ಏನು ಬರೆದರೂ ಒಂದಿಷ್ಟು ಗೌರವದಿಂದಲೇ ಓದಿದ್ದರೆ ಅದಕ್ಕೆ ಇದು ಕಾರಣ.

ಮುಂದಿನ ಪೀಳಿಗೆ ಆ ಋಣವನ್ನು ಹೊತ್ತಿರಲಿಲ್ಲ. ಅವರು ಕೇಳಿದ ಪ್ರಶ್ನೆಗಳು ಬೇರೆ. 1987ರ ಆರಂಭದಲ್ಲಿ, ಗಡಿಯಲ್ಲಿ ಸೇನೆಗಳು ಎದುರುಬದುರಾಗಿದ್ದಾಗ, ನಯ್ಯರ್ ಇಸ್ಲಾಮಾಬಾದಿನಲ್ಲಿ ವಿಜ್ಞಾನಿ ಎ.ಕ್ಯೂ. ಖಾನರನ್ನು ಸಂದರ್ಶಿಸಿದರು. ಪಾಕಿಸ್ತಾನದ ಬಳಿ ಅಣುಬಾಂಬ್ ಇದೆ ಎಂಬ ಅರ್ಥದ ಮಾತು ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಪ್ರಕಟವಾಯಿತು, ಖಾನ್ ನಿರಾಕರಿಸಿದರು. ಜಗತ್ತೇ ಗಮನಿಸಿದ ಸುದ್ದಿಯದು. ಆದರೂ ಎಚ್ಚರದ ಓದುಗನೊಬ್ಬ ಕೇಳಬಹುದಾದ ಪ್ರಶ್ನೆ ಉಳಿಯುತ್ತದೆ: ಬೆದರಿಕೆಯೊಂದನ್ನು ದೆಹಲಿಗೆ ಮುಟ್ಟಿಸಬೇಕಾದವರಿಗೆ ಪತ್ರಕರ್ತ ಸುಲಭದ ಅಂಚೆಯವನಾದನೇ? 1990ರಲ್ಲಿ ಅವರು ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆದಾಗ, 1997ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಾಗ, ಅಧಿಕಾರವನ್ನು ಟೀಕಿಸುವವನು ಅಧಿಕಾರದ ಪೀಠದಲ್ಲಿ ಕೂರಬಹುದೇ ಎಂಬ ಹಳೆಯ ಪ್ರಶ್ನೆಯೂ ಬಂತು. ಅವರ ಪರವಾಗಿ ಹೇಳಬೇಕಾದದ್ದೂ ಉಂಟು. ರಾಜ್ಯಸಭೆಗೆ ಸ್ಪರ್ಧಿಸುವವರು ಆಯಾ ರಾಜ್ಯದ ಮತದಾರರಾಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಿದಾಗ ಸುಪ್ರೀಂ ಕೋರ್ಟಿಗೆ ಹೋದವರು ಇದೇ ನಯ್ಯರ್. 2006ರಲ್ಲಿ ಅವರ ಅರ್ಜಿ ವಜಾ ಆಯಿತು. ಆಂಧ್ರದ ವೆಂಕಯ್ಯ ನಾಯ್ಡು ಅವರೂ ಚಿತ್ರನಟಿ ಹೇಮಾಮಾಲಿನಿಯವರೂ ಕರ್ನಾಟಕದ ಪ್ರತಿನಿಧಿಗಳಾಗಿ ಆ ಸದನದಲ್ಲಿ ಕುಳಿತದ್ದನ್ನು ಕಂಡ ಕನ್ನಡಿಗರಿಗೆ ಆ ವ್ಯಾಜ್ಯದ ತಿರುಳನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ತೀವ್ರವಾಗಿ ಓದುಗರನ್ನು ಒಡೆದದ್ದು ವಾಘಾ ಗಡಿಯ ಮೇಣದ ಬತ್ತಿಗಳು. 1990ರ ದಶಕದಿಂದ ಪ್ರತಿವರ್ಷ ಆಗಸ್ಟ್ 14ರ ನಡುರಾತ್ರಿ ನಯ್ಯರ್ ಸಂಗಡಿಗರೊಡನೆ ಅಲ್ಲಿ ಬತ್ತಿ ಹಚ್ಚುತ್ತಿದ್ದರು. ಆ ದಿನ ಪಾಕಿಸ್ತಾನದ ಸ್ವಾತಂತ್ರ್ಯ ದಿನ; ಅವರ ಹುಟ್ಟಿದ ದಿನವೂ ಹೌದು. 1999ರ ಕಾರ್ಗಿಲ್ ಯುದ್ಧ, 2008ರ ಮುಂಬಯಿ ದಾಳಿಗಳ ನಂತರವೂ ಇದೇನು ಭಾವುಕತೆ ಎಂದು ಸಿಟ್ಟಾದವರು ಬಹಳ ಮಂದಿ. ಮುಂಬಯಿಯಲ್ಲಿ ಬಾಳುವವರ ಆ ಸಿಟ್ಟನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಅವರನ್ನು ಹಳಿದವರು ಒಂದು ಸಂಗತಿಯನ್ನು ಮರೆತರು. ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡವನಿಗೆ ಹಗೆಯನ್ನು ಸಾಧಿಸಲು ನಮ್ಮೆಲ್ಲರಿಗಿಂತ ಹೆಚ್ಚು ಕಾರಣವಿತ್ತು. ಅದನ್ನು ಸಾಧಿಸದಿರುವುದು ಅವರು ತಿಳಿದೇ ಮಾಡಿದ ಆಯ್ಕೆ. ಆ ನೀತಿ ಫಲಕಾರಿಯೇ ಎಂದು ವಾದಿಸೋಣ. ಅದನ್ನು ಮುಗ್ಧತೆಯೆಂದು ಕರೆಯುವುದು ಮಾತ್ರ ಸರಿಯಾದ ಓದಲ್ಲ.

ಆತ್ಮಕಥೆ ‘ಬಿಯಾಂಡ್ ದ ಲೈನ್ಸ್’ 2012ರಲ್ಲಿ ಬಂತು. ‘ಒಂದು ಜೀವನ ಸಾಲದು’ ಎಂಬ ಹೆಸರಿನಲ್ಲಿ ಅದು ಕನ್ನಡಕ್ಕೂ ಬಂದಿದೆ. ಇಲ್ಲಿ ಓದುಗನ ಕಷ್ಟ ಬೇರೆಯದು. ದೊಡ್ಡವರೊಡನೆ ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತುಗಳು ಆ ಪುಸ್ತಕದ ತುಂಬ ಇವೆ. ಆಡಿದವರಲ್ಲಿ ಅನೇಕರು ಆ ಹೊತ್ತಿಗೆ ಬದುಕಿರಲಿಲ್ಲ. ಸಿಖ್ ನಾಯಕರನ್ನು ಕುರಿತ ಕೆಲವು ಹೇಳಿಕೆಗಳಿಗೆ ಪ್ರತಿಭಟನೆ ಎದ್ದಾಗ ಅವರು ಕ್ಷಮೆ ಕೇಳಬೇಕಾಯಿತು. ಚರಿತ್ರೆಯ ಆಕರವಾಗಿ ಆ ಪುಸ್ತಕವನ್ನು ಬಳಸುವವರು ಬೇರೆ ದಾಖಲೆಗಳೊಡನೆ ತಾಳೆ ನೋಡಲೇಬೇಕು.

ಹಾಗಾದರೆ ಯಾವ ಓದುಗರು ಸರಿ? ನಮಗನ್ನಿಸುವಂತೆ, ಓದುಗರು ಎಡವುವುದು ಒಂದು ಖಾತೆಯ ಜಮೆಯನ್ನು ಇನ್ನೊಂದು ಖಾತೆಗೆ ಹಾಕಿದಾಗ. ತಿಹಾರಿನಲ್ಲಿ ಕಳೆದ ದಿನಗಳು ನಾಲ್ಕು ದಶಕಗಳ ನಂತರದ ನೆನಪಿಗೆ ಪ್ರಮಾಣಪತ್ರವಾಗುವುದಿಲ್ಲ. ಹಾಗೆಯೇ ವಾಘಾದ ಬತ್ತಿಗಳನ್ನು ಒಪ್ಪದವರು 1975ರ ಆ ಅಂಕಣವನ್ನು ಅಳಿಸಿಹಾಕಲು ಬರುವುದಿಲ್ಲ. ಇಂದು ಅಂಕಣಕಾರರನ್ನು ನಮ್ಮವರು, ಅವರವರು ಎಂದು ಮೊದಲೇ ವಿಂಗಡಿಸಿ, ಹೆಸರು ನೋಡಿಯೇ ಪುಟ ಮಗುಚುವ ಅಭ್ಯಾಸ ಬೆಳೆಯುತ್ತಿದೆ. ಅಂಥ ಓದುಗನ ಮುಂದೆ ಭುಟ್ಟೋ ಹೆಸರಿನ ಆ ಲೇಖನವನ್ನಿಟ್ಟರೆ ಅವನಿಗೆ ಕಾಣುವುದು ಭುಟ್ಟೋ ಮಾತ್ರ. ಸೆನ್ಸಾರ್ ಅಧಿಕಾರಿಗೂ ಅಂದು ಕಂಡದ್ದು ಅಷ್ಟೇ.