ಕೂಲಿಯ ಪಡಿಯಲ್ಲಿ ಸೈಡರ್

ಇಂಗ್ಲೆಂಡಿನ ಪಶ್ಚಿಮಕ್ಕೆ, ವೇಲ್ಸ್‌ನ ಗಡಿಗೆ ಅಂಟಿಕೊಂಡಿರುವ ಹೆರೆಫರ್ಡ್‌ಶೈರ್ ಹಳೆಯ ಕಾಲದಿಂದಲೂ ಸೇಬಿನ ಸೀಮೆ. ಅಲ್ಲಿನ ಹೆಸರಾಂತ ಸೇಬುಗಳು ತಿನ್ನಲು ಬಾರವು. ಕಚ್ಚಿದರೆ ಬಾಯೆಲ್ಲ ಒಗರು, ನಾಲಗೆ ದಪ್ಪಗಾಗುತ್ತದೆ. ಅವನ್ನೇ ಅರೆದು, ಹಿಂಡಿ, ಪೀಪಾಯಿಗಳಲ್ಲಿ ಹುದುಗಲು ಬಿಟ್ಟರೆ ಸೈಡರ್ ಆಗುತ್ತದೆ. ಈ ಸೀಮೆಯ ಸೈಡರ್ ಬಗ್ಗೆ ಪಾದ್ರಿಗಳು, ಜಮೀನ್ದಾರರು, ವೈದ್ಯರು, ಕವಿಗಳು ಬರೆದದ್ದು ಬೇಕಾದಷ್ಟಿದೆ. ಅದರಲ್ಲೆಲ್ಲ ನಾನು ಹುಡುಕಿದ್ದು ಒಂದನ್ನೇ: ದಿನಾ ಹೊಲದಲ್ಲಿ ದುಡಿದವನ ಪಾಲಿಗೆ ಬಂದದ್ದು ಯಾವ ಸೈಡರ್, ಮತ್ತು ಅದಕ್ಕೆ ಅವನು ತೆತ್ತದ್ದೇನು?

ಹುಡುಕಾಟ ಶುರುವಾದದ್ದು ‘ಹೆರೆಫರ್ಡ್‌ಶೈರ್ ಪೊಮೋನಾ’ದಿಂದ. ಅಲ್ಲಿನ ವೂಲ್‌ಹೋಪ್ ನ್ಯಾಚುರಲಿಸ್ಟ್ಸ್ ಫೀಲ್ಡ್ ಕ್ಲಬ್ 1876ರಿಂದ 1885ರವರೆಗೆ ಕಂತುಕಂತಾಗಿ ಹೊರತಂದ ಪುಸ್ತಕ ಅದು. ಸಂಪಾದಕರು ಡಾ. ಹೆನ್ರಿ ಗ್ರೇವ್ಸ್ ಬುಲ್ ಮತ್ತು ರಾಬರ್ಟ್ ಹಾಗ್. 77 ಬಣ್ಣದ ಫಲಕಗಳಲ್ಲಿ 432 ಬಗೆಯ ಸೇಬು, ಪಿಯರ್ ಹಣ್ಣುಗಳಿವೆ. ಚಿತ್ರ ಬರೆದವರು ಆಲಿಸ್ ಎಲಿಸ್ ಮತ್ತು ಎಡಿತ್ ಬುಲ್ ಎಂಬ ಇಬ್ಬರು ಹೆಣ್ಣುಮಕ್ಕಳು. ತೊಟ್ಟಿನ ಸುತ್ತ ಹರಡಿದ ತುಕ್ಕುಬಣ್ಣ, ಬಿಸಿಲು ತಾಗಿದ ಕಡೆ ಮಾತ್ರ ಏರಿದ ಕೆಂಪು, ಸಿಪ್ಪೆಯ ಮೇಲಿನ ಚುಕ್ಕೆ, ಎಲ್ಲವನ್ನೂ ಅವರು ಬಿಡದೆ ಹಿಡಿದಿದ್ದಾರೆ. ಸಸ್ಯಚಿತ್ರಕಲೆಯಲ್ಲಿ ಇದಕ್ಕಿಂತ ಪ್ರೀತಿಯ ಕೆಲಸವನ್ನು ನಾನು ಕಂಡಿಲ್ಲ. ಆದರೆ ಆ ಫಲಕಗಳಲ್ಲಿ ಹಣ್ಣಿದೆ, ಹಣ್ಣು ಕೊಯ್ದ ಕೈಯಿಲ್ಲ.

ಹಾಗಾಗಿ ಹಿಂದಕ್ಕೆ ಹೋಗಬೇಕಾಯಿತು. 1657ರಲ್ಲಿ ಜಾನ್ ಬೀಲ್ ಎಂಬ ಪಾದ್ರಿ ಹೆರೆಫರ್ಡ್‌ಶೈರಿನ ತೋಟಗಳನ್ನು ಇಡೀ ಇಂಗ್ಲೆಂಡಿಗೆ ಮಾದರಿ ಎಂದು ಕೊಂಡಾಡಿ ಒಂದು ಕಿರುಹೊತ್ತಗೆ ಪ್ರಕಟಿಸಿದ. ದೊಡ್ಡವರ ಬಂಗಲೆಯಿಂದ ಬಡವನ ಗುಡಿಸಲಿನವರೆಗೆ ತೋಟವಿಲ್ಲದ ಮನೆಯೇ ಇಲ್ಲ ಎಂಬುದು ಅವನ ಹೆಮ್ಮೆ. ಅದೇ ಕಾಲದಲ್ಲಿ ಹೋಮ್ ಲೇಸಿಯ ಲಾರ್ಡ್ ಸ್ಕುಡಮೋರ್ ‘ರೆಡ್‌ಸ್ಟ್ರೀಕ್’ ಎಂಬ ಕೆಂಪು ಗೆರೆಯ ಸೇಬನ್ನು ಬೆಳೆಸಿ ಹೆಸರು ಮಾಡಿದ. ಫ್ರಾನ್ಸಿನಲ್ಲಿ ಚಾರ್ಲ್ಸ್ ದೊರೆಯ ರಾಯಭಾರಿಯಾಗಿದ್ದು ಬಂದವನು ಅವನು. ಫ್ರೆಂಚ್ ದ್ರಾಕ್ಷಾರಸಕ್ಕೆ ಸರಿಗಟ್ಟುವ ಪಾನೀಯ ನಮ್ಮ ನೆಲದಲ್ಲೇ ಇದೆ ಎಂಬ ಛಲ ಆ ತಲೆಮಾರಿನ ಬರಹಗಳಲ್ಲೆಲ್ಲ ಕಾಣುತ್ತದೆ. ಸ್ಕುಡಮೋರ್ ಮನೆತನದ ಲಾಂಛನ ಕೆತ್ತಿದ, ಎತ್ತರದ, ತೆಳ್ಳನೆಯ ಗಾಜಿನ ಲೋಟವೊಂದು ಲಂಡನ್ನಿನ ವಸ್ತುಸಂಗ್ರಹದಲ್ಲಿ ಉಳಿದಿದೆ. ರೆಡ್‌ಸ್ಟ್ರೀಕ್‌ನ ರಸ ಅಂಥ ಲೋಟಗಳಿಗೆ ಇಳಿಯುತ್ತಿತ್ತು.

ಕೂಲಿಯವನ ಲೋಟದ ಸುಳಿವು ಸಿಕ್ಕಿದ್ದು ಜಾನ್ ಎವೆಲಿನ್‌ನಲ್ಲಿ. 1664ರಲ್ಲಿ ಅವನು ತನ್ನ ‘ಸಿಲ್ವಾ’ ಗ್ರಂಥಕ್ಕೆ ‘ಪೊಮೋನಾ’ ಎಂಬ ಅನುಬಂಧ ಸೇರಿಸಿದ. ಸೈಡರ್ ಮಾಡುವ ಬಗೆಯನ್ನು ಬಲ್ಲವರ ಬರಹಗಳು ಅದರಲ್ಲಿವೆ. ಕೆಲಸದ ಕ್ರಮ ಮುಂದಿನ ಎರಡು ಶತಮಾನಗಳಲ್ಲೂ ಹೆಚ್ಚು ಬದಲಾಗಲಿಲ್ಲ. ಕೊಯ್ದ ಸೇಬನ್ನು ಕೆಲವು ದಿನ ರಾಶಿ ಹಾಕಿ ಮೆತ್ತಗಾಗಲು ಬಿಡಬೇಕು. ಆಮೇಲೆ ದುಂಡನೆಯ ಕಲ್ಲಿನ ದೋಣಿಗೆ ಸುರಿಯಬೇಕು. ಕುದುರೆ ಸುತ್ತು ಹಾಕಿದಂತೆ ದೋಣಿಯಲ್ಲಿ ಉರುಳುಗಲ್ಲು ಉರುಳಿ ಹಣ್ಣು ಮುದ್ದೆಯಾಗುತ್ತದೆ, ನಮ್ಮ ಎತ್ತಿನ ಗಾಣದ ಹಾಗೆ. ಮುದ್ದೆಯನ್ನು ಕುದುರೆಕೂದಲಿನ ಬಟ್ಟೆಯಲ್ಲಿ ಪದರ ಪದರವಾಗಿ ಮಡಚಿ, ಒಂದರ ಮೇಲೊಂದು ಪೇರಿಸಿ, ತಿರುಪಿನ ಒತ್ತುಯಂತ್ರದಲ್ಲಿ ಹಿಂಡುತ್ತಾರೆ. ಮೊದಲು ಇಳಿದ ರಸ ಯಜಮಾನನ ನೆಲಮಾಳಿಗೆಗೆ, ಒಳ್ಳೆಯದಾದರೆ ಬಾಟಲಿಗೆ.

ಉಳಿದ ಹಿಂಡಿಯನ್ನು ಎಸೆಯುತ್ತಿರಲಿಲ್ಲ. ಅದಕ್ಕೆ ನೀರು ಹಾಕಿ, ನೆನೆಸಿ, ಮತ್ತೊಮ್ಮೆ ಹಿಂಡುತ್ತಿದ್ದರು. ಹಾಗೆ ಇಳಿದ ತೆಳು ಪಾನೀಯಕ್ಕೆ ‘ಸೈಡರ್‌ಕಿನ್’ ಎಂಬ ಹೆಸರು ಎವೆಲಿನ್‌ನ ಪುಸ್ತಕದಲ್ಲೇ ಇದೆ. ಆಳುಕಾಳುಗಳ ದಿನದ ಕುಡಿತಕ್ಕೆ ಬರುತ್ತಿದ್ದುದು ಇಂಥದ್ದು. ಒಂದೇ ರಾಶಿಯ ಹಣ್ಣಿನಿಂದ ಇಬ್ಬರಿಗೆ ಎರಡು ಪಾನೀಯ! ಮೊದಲ ರಸಕ್ಕೆ ಕಾವ್ಯ ಸಿಕ್ಕಿತು: ಜಾನ್ ಫಿಲಿಪ್ಸ್ 1708ರಲ್ಲಿ ‘ಸೈಡರ್’ ಎಂಬ ಹೆಸರಿನಲ್ಲೇ ಎರಡು ಸರ್ಗಗಳ ಕಾವ್ಯ ಬರೆದ. ಎರಡನೆಯದನ್ನು ಹುಡುಕಲು ಆಸ್ಪತ್ರೆ, ತೆರಿಗೆ ಮತ್ತು ಕಾನೂನಿನ ಕಾಗದಗಳಿಗೇ ಹೋಗಬೇಕು.

ತೆರಿಗೆಯ ಕತೆ ಚಿಕ್ಕದು. 1763ರಲ್ಲಿ ಲಾರ್ಡ್ ಬ್ಯೂಟ್‌ನ ಸರ್ಕಾರ ಯುದ್ಧದ ಸಾಲ ತೀರಿಸಲು ಸೈಡರ್ ತಯಾರಕರ ಮೇಲೆ ಹಾಗ್ಸ್‌ಹೆಡ್ ಪೀಪಾಯಿಗೆ ನಾಲ್ಕು ಶಿಲಿಂಗ್ ಸುಂಕ ಹಾಕಿತು. ಸುಂಕದವರು ಮನೆಯೊಳಗೆ ನುಗ್ಗಿ ಪೀಪಾಯಿ ಎಣಿಸುತ್ತಾರೆ ಎಂದು ಸೇಬಿನ ಸೀಮೆಗಳು ರೊಚ್ಚಿಗೆದ್ದವು. 1766ರಲ್ಲಿ ಸುಂಕ ರದ್ದಾಯಿತು.

ಆಸ್ಪತ್ರೆಯ ಕತೆ ಹಾಗಲ್ಲ, ಅದರ ಮುಂದೆ ನಾನು ಬಹಳ ಹೊತ್ತು ಕೂತೆ. ದಕ್ಷಿಣದ ಡೆವನ್ ಕೂಡ ಸೇಬಿನ ನಾಡೇ. ಅಲ್ಲಿ ಸೈಡರ್ ಕಾಲ ಬಂತೆಂದರೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಕೊನೆಗೆ ಕೈ ಸೋತು ಜೋತುಬೀಳುವ ಕಾಯಿಲೆ. ಎಕ್ಸೆಟರ್ ಆಸ್ಪತ್ರೆಯಲ್ಲಿ 1762ರಿಂದ 1767ರೊಳಗೆ ಇಂಥ 285 ರೋಗಿಗಳು ದಾಖಲಾದರು. ಅಂದಿನ ದಾನದ ಆಸ್ಪತ್ರೆಗಳಿಗೆ ಬರುತ್ತಿದ್ದವರು ಬಡವರೇ. ಡೆವನ್‌ನಲ್ಲೇ ಹುಟ್ಟಿದ ವೈದ್ಯ ಜಾರ್ಜ್ ಬೇಕರ್ ಸರಳವಾದ ಒಂದು ಪ್ರಶ್ನೆ ಕೇಳಿದ: ಹೆರೆಫರ್ಡ್, ಗ್ಲಾಸ್ಟರ್, ವೂಸ್ಟರ್ ಸೀಮೆಗಳವರೂ ಇಷ್ಟೇ ಸೈಡರ್ ಕುಡಿಯುತ್ತಾರೆ, ಅವರಿಗೇಕೆ ಈ ರೋಗ ಅಪರೂಪ? ಉತ್ತರ ಗಾಣದಲ್ಲಿತ್ತು. ಡೆವನ್‌ನಲ್ಲಿ ಗಾಣದ ಕಲ್ಲುತುಂಡುಗಳ ಬೆಸುಗೆಗೆ ಸೀಸ ಹೊಯ್ಯುತ್ತಿದ್ದರು, ಒತ್ತುಯಂತ್ರಕ್ಕೂ ಕೆಲವೆಡೆ ಸೀಸದ ಹಾಸು. ಹೆರೆಫರ್ಡ್‌ಶೈರಿನ ಗಾಣದಲ್ಲಿ ಸೀಸವಿಲ್ಲ. ಬೇಕರ್ ಡೆವನ್ ಸೈಡರಿನ 18 ಬಾಟಲಿಗಳಿಂದ ನಾಲ್ಕೂವರೆ ಗ್ರೇನ್ ಸೀಸ ತೆಗೆದು ತೋರಿಸಿದ, ಅಂದರೆ ಸುಮಾರು 0.3 ಗ್ರಾಂ. 1767ರಲ್ಲಿ ಅವನ ಪ್ರಬಂಧ ಅಚ್ಚಾಯಿತು. ನಾಡಿನ ಪಾನೀಯಕ್ಕೆ ಮಸಿ ಬಳಿದನೆಂದು ಡೆವನ್ನಿನವರೇ ಅವನ ಮೇಲೆ ಹರಿಹಾಯ್ದರು. ಆದರೆ ಗಾಣಗಳಿಂದ ಸೀಸ ಹೋದಂತೆ ರೋಗವೂ ಹೋಯಿತು.

ಹೆರೆಫರ್ಡ್‌ಶೈರಿನ ಆಳಿಗೆ ಸೀಸ ತಪ್ಪಿತು, ನಿಜ. ಕೂಲಿಯ ಲೆಕ್ಕ ತಪ್ಪಲಿಲ್ಲ. ಅಲ್ಲಿ ಹಣದ ಜೊತೆಗೆ ಸೈಡರ್ ಅಳೆದು ಕೊಡುವುದು ರೂಢಿ. ದಿನಕ್ಕೆ ಕೆಲವು ಲೀಟರಿನಷ್ಟು, ಸುಗ್ಗಿಯಲ್ಲಿ ಇನ್ನೂ ಹೆಚ್ಚು. ಈ ಸೀಮೆಗಳ ಬೇಸಾಯದ ಬಗ್ಗೆ 1789ರಲ್ಲಿ ಬರೆದ ವಿಲಿಯಂ ಮಾರ್ಷಲ್, ಆಳುಗಳು ಕುಡಿಯುವ ಪ್ರಮಾಣ ಕೇಳಿಯೇ ದಂಗಾಗಿದ್ದ. ಆಳುಗಳು ಹೊಲಕ್ಕೆ ಒಯ್ಯುತ್ತಿದ್ದ ಪಾತ್ರೆಗಳು ಹೆರೆಫರ್ಡ್ ಪಟ್ಟಣದ ಸೈಡರ್ ವಸ್ತುಸಂಗ್ರಹಾಲಯದಲ್ಲಿವೆ: ಕಬ್ಬಿಣದ ಪಟ್ಟಿ ಬಿಗಿದ, ಹೆಗಲಿಗೆ ತೂಗುಹಾಕುವ, ಪುಟ್ಟ ಮರದ ಪೀಪಾಯಿಗಳು. ಹೊಲದಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗದಿರಲಿ ಎಂದು ಇಂಥ ಪೀಪಾಯಿಗಳ ಮೇಲೆ ಹೆಸರಿನ ಮೊದಲಕ್ಷರ ಕೆತ್ತಿಕೊಳ್ಳುವುದಿತ್ತು. ಸ್ಕುಡಮೋರ್‌ನ ಲಾಂಛನದ ಪಕ್ಕದಲ್ಲಿ ಇಡಬೇಕಾದ ಕೆತ್ತನೆ ಅದು.

ಹಬ್ಬದ ದಿನ ಮಾತ್ರ ಆಳು, ಯಜಮಾನ, ಎತ್ತು ಎಲ್ಲ ಒಂದೆಡೆ ಸೇರುತ್ತಿದ್ದರು. 1791ರ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲೂ, ಎಲಾ ಮೇರಿ ಲೆದರ್ 1912ರಲ್ಲಿ ಹೊರತಂದ ಹೆರೆಫರ್ಡ್‌ಶೈರಿನ ಜಾನಪದದ ಪುಸ್ತಕದಲ್ಲೂ ಈ ಆಚರಣೆಯ ವಿವರ ಸಿಗುತ್ತದೆ. ಜನವರಿ ಮೊದಲ ವಾರದ ಒಂದು ಸಂಜೆ ಗೋಧಿಹೊಲದಲ್ಲಿ ಹನ್ನೆರಡು ಸಣ್ಣ ಬೆಂಕಿ, ಒಂದು ದೊಡ್ಡ ಬೆಂಕಿ ಹಾಕಿ, ಸುತ್ತ ನಿಂತು ಸೈಡರ್ ಕುಡಿದು ಕೂಗು ಹಾಕುತ್ತಿದ್ದರು. ಆಮೇಲೆ ಕೊಟ್ಟಿಗೆಗೆ ಬಂದು, ನಡುವೆ ತೂತಿರುವ ದೊಡ್ಡ ಸಿಹಿ ಕೇಕನ್ನು ಮುಂದಾಳು ಎತ್ತಿನ ಕೊಂಬಿಗೆ ಸಿಕ್ಕಿಸುತ್ತಿದ್ದ. ಎತ್ತು ತಲೆ ಕೊಡವಿದಾಗ ಕೇಕು ಮುಂದೆ ಬಿದ್ದರೆ ಒಬ್ಬರ ಪಾಲು, ಹಿಂದೆ ಬಿದ್ದರೆ ಇನ್ನೊಬ್ಬರ ಪಾಲು. ನಮ್ಮ ಸಂಕ್ರಾಂತಿಗೆ ಕೆಲವೇ ದಿನ ಮೊದಲು ನಡೆಯುತ್ತಿದ್ದ ಈ ಎತ್ತಿನ ಪೂಜೆ ಓದಿ ಮನಸ್ಸು ಅರಳಿತು.

ಆದರೆ ಮಾರನೆಯ ದಿನದ ಕೂಲಿ ಮತ್ತೆ ಸೈಡರಿನಲ್ಲೇ. ಅದರ ಅನ್ಯಾಯ ಎಲ್ಲಿದೆಯೆಂದರೆ, ಕುಡಿದ ಕೂಲಿ ಮನೆಗೆ ಬರುವುದಿಲ್ಲ. ಅದರಿಂದ ಹೆಂಡತಿ ಹಿಟ್ಟು ತರಲಾರಳು, ಮಗುವಿಗೆ ಬೂಟು ಬಾರದು. ಕುಡಿಯದವನಿಗೆ ಆ ಪಾಲು ನಷ್ಟವೇ. 1831ರಲ್ಲಿ ಕೂಲಿಯನ್ನು ನಗದಾಗಿಯೇ ಕೊಡಬೇಕೆಂಬ ಟ್ರಕ್ ಕಾಯಿದೆ ಬಂದಾಗ ಬೇಸಾಯದ ಆಳುಗಳನ್ನು ಅದರಿಂದ ಹೊರಗಿಟ್ಟರು. 1887ರ ತಿದ್ದುಪಡಿಯ ನಾಲ್ಕನೆಯ ಕಲಮಿನಲ್ಲಿ ಕೊನೆಗೂ ಅವರ ಮಾತು ಬಂತು: ಕೂಲಿಯ ಜೊತೆಗೆ ಊಟ ಕೊಡಬಹುದು, ಮನೆ ಕೊಡಬಹುದು, ಅಮಲಿಲ್ಲದ ಪಾನೀಯ ಕೊಡಬಹುದು. ಅಮಲಿನದು ಕೂಡದು. ಕಾಯಿದೆ ಬಂದ ಮೇಲೂ ಹಳ್ಳಿಗಳಲ್ಲಿ ವಾಡಿಕೆ ಬಹುಕಾಲ ನಡೆಯಿತು.

ಅದೇ 1887ರಲ್ಲಿ ಕ್ರೆಡನ್‌ಹಿಲ್‌ನ ಪಾದ್ರಿಯ ಮಗ ಪರ್ಸಿ ಬುಲ್ಮರ್ ಹೆರೆಫರ್ಡ್‌ನಲ್ಲಿ ಸೈಡರ್ ವ್ಯಾಪಾರ ಶುರುಮಾಡಿದ. ಇಂದು ಲೋಕವೆಲ್ಲ ಬಲ್ಲ ಕಂಪನಿ ಅದು.

‘ಹೆರೆಫರ್ಡ್‌ಶೈರ್ ಪೊಮೋನಾ’ ಈಗ ಡಿಜಿಟಲ್ ಗ್ರಂಥಾಲಯಗಳಲ್ಲಿ ಉಚಿತವಾಗಿ ಸಿಗುತ್ತದೆ, ದಯವಿಟ್ಟು ನೋಡಿ. ನೋಡಿದ ಮೇಲೆ 1887ರ ಕಾಯಿದೆಯ ಆ ನಾಲ್ಕನೆಯ ಕಲಮನ್ನೂ ಓದಿ. ಸೇಬಿನ ಸೀಮೆಯ ಊಟ ಕುಡಿತದ ಚರಿತ್ರೆ ಆ ಎರಡನ್ನೂ ಓದಿದವರಿಗೇ ಪೂರ್ತಿ ಸಿಗುವುದು.