ಯೂನಿಕ್ಸ್ ಗಣಕಗಳ ಘಂಟಾಧ್ವನಿ: ಅದರ ಸ್ಥಾಯಿ ಮತ್ತು ಅವಧಿಯ ನಿಯಂತ್ರಣ

ಯೂನಿಕ್ಸ್ ಪರಂಪರೆಯ ಗಣಕಗಳ ಮುಂದೆ ಕುಳಿತವರಿಗೆ ಆಗಾಗ ಕೇಳಿಬರುವ ‘ಬೀಪ್’ ಎಂಬ ಸಣ್ಣ ಧ್ವನಿಯನ್ನು ಇಂದಿಗೂ ‘ಘಂಟೆ’ಯೆಂದೇ ಕರೆಯುವ ರೂಢಿಯಿದೆ. ಅದರಲ್ಲಿ ಕಂಚೂ ಇಲ್ಲ, ನಾಲಗೆಯೂ ಇಲ್ಲ. ಈ ಹೆಸರು ಬರಿಯ ಅಲಂಕಾರವಲ್ಲ. ಒಂದು ಕಾಲದ ವಸ್ತುಸ್ಥಿತಿಯ ಅವಶೇಷ. ಆ ಧ್ವನಿಯನ್ನು ತಿದ್ದುವ ಅಧಿಕಾರವು ಯಂತ್ರ ತಯಾರಕನಿಂದ ಬಳಕೆದಾರನ ಕೈಗೆ ಬಂದ ಬಗೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದೂರಮುದ್ರಕಗಳ ಕಾಲದಲ್ಲಿ ತಂತಿಯ ಒಂದು ತುದಿಯಲ್ಲಿದ್ದವನು ಇನ್ನೊಂದು ತುದಿಯವನನ್ನು ಎಚ್ಚರಿಸಲು ಘಂಟೆಯ ಸಂಕೇತವನ್ನು ಕಳುಹಿಸುತ್ತಿದ್ದನು. ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಸಂಕೇತಾವಳಿಯು ತನ್ನ ಏಳನೆಯ ಸಂಖ್ಯೆಯನ್ನು ಇದಕ್ಕೆ ಮೀಸಲಿಟ್ಟಿತು. ಆಂಗ್ಲ ವರ್ಣಮಾಲೆಯ ಏಳನೆಯ ಅಕ್ಷರ ‘ಜಿ’. ಆದುದರಿಂದಲೇ ‘ಕಂಟ್ರೋಲ್’ ಕೀಲಿಯೊಡನೆ ಅದನ್ನೊತ್ತಿದರೆ ಈ ಸಂಕೇತವು ಹೊರಡುತ್ತದೆ. ಟೆಲಿಟೈಪ್ ೩೩ ಎಂಬ ಯಂತ್ರದಲ್ಲಿ ಅದು ನಿಜವಾದ ಲೋಹದ ಘಂಟೆಯನ್ನು ಬಡಿಯುತ್ತಿದ್ದಿತು. ೧೯೬೯ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸಿನ ರಚನೆಗೆ ತೊಡಗಿದಾಗ ಇಂತಹ ಯಂತ್ರಗಳೇ ಅವರಿಗೆ ಲೇಖನಿ, ಅವೇ ಕಾಗದ. (ಇಲ್ಲಿನ ‘ಬೆಲ್’ ವ್ಯಕ್ತಿನಾಮ, ಘಂಟೆಗೂ ಅದಕ್ಕೂ ಸಂಬಂಧವಿಲ್ಲ.)

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಂಕೇತಾವಳಿಯು ‘ಕರೆ’ ಎಂದಷ್ಟೇ ಹೇಳಿತು. ಕರೆಯ ಸ್ಥಾಯಿಯನ್ನಾಗಲಿ ಅವಧಿಯನ್ನಾಗಲಿ ನಿರ್ಧರಿಸಲಿಲ್ಲ. ಲೋಹದ ಘಂಟೆ ಇರುವವರೆಗೆ ಆ ಪ್ರಶ್ನೆಯೇ ಏಳುವಂತಿರಲಿಲ್ಲ. ಎರಕದಲ್ಲಿ ಬಂದ ನಾದವನ್ನು ಯಾವ ಆದೇಶವೂ ಬದಲಿಸಲಾರದು.

ಈ ಸ್ಥಿತಿಯು ಬದಲಾದದ್ದು ಐ.ಬಿ.ಎಂ. ಸಂಸ್ಥೆಯು ೧೯೮೧ರಲ್ಲಿ ಹೊರತಂದ ವೈಯಕ್ತಿಕ ಗಣಕದಂತಹ ಯಂತ್ರಗಳಿಂದ. ಅದರಲ್ಲಿ ಇಂಟೆಲ್ ೮೨೫೩ ಎಂಬ ಕಾಲಮಾಪಕವು ಸೆಕೆಂಡಿಗೆ ಸುಮಾರು ೧೧,೯೩,೧೮೨ ಮಿಡಿತಗಳನ್ನು ಎಣಿಸಿ, ಕೊಟ್ಟ ಸಂಖ್ಯೆಯಿಂದ ಭಾಗಿಸಿ, ಪುಟ್ಟ ಧ್ವನಿವರ್ಧಕವನ್ನು ಕಂಪಿಸುತ್ತಿದ್ದಿತು. ೧೯೯೧ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಕನ್ಸೋಲ್ ಈ ಅನುಕೂಲವನ್ನೇ ಆಶ್ರಯಿಸಿತು. ಅದರ ಘಂಟೆಯ ಸಹಜ ಸ್ಥಾಯಿ ೭೫೦ ಹರ್ಟ್ಸ್, ಅವಧಿ ಸೆಕೆಂಡಿನ ಎಂಟನೆಯ ಒಂದು ಭಾಗ. ೭೫೦ ಬೇಕಾದರೆ ಭಾಜಕವು ಸುಮಾರು ೧೫೯೧ ಆಗಬೇಕು. ಬೇರೆಯ ಧ್ವನಿಯನ್ನು ಬಯಸುವವನು ‘ಎಸ್ಕೇಪ್’ ಸಂಕೇತದ ಹಿಂದೆ ಚೌಕಾವರಣ, ೧೦, ಅರ್ಧವಿರಾಮ, ಬೇಕಾದ ಸ್ಥಾಯಿ, ಮುಚ್ಚುವ ಆವರಣ, ಇಷ್ಟನ್ನು ಕನ್ಸೋಲಿಗೆ ಬರೆದರಾಯಿತು. ೧೦ರ ಬದಲು ೧೧ ಎಂದು ಬರೆದರೆ ಮಿಲಿಸೆಕೆಂಡುಗಳಲ್ಲಿ ಅವಧಿಯು ನಿಶ್ಚಯವಾಗುತ್ತದೆ. ಅವಧಿಯನ್ನು ಸೊನ್ನೆಯಾಗಿಸಿದರೆ ಮೌನ. ಅಕ್ಷರಗಳು ಹರಿಯುವ ಕಾಲುವೆಯಲ್ಲಿಯೇ ಅಕ್ಷರದ ಧ್ವನಿಯನ್ನು ತಿದ್ದುವ ಆದೇಶವೂ ಹರಿಯುವ ಈ ಏರ್ಪಾಡು ನನಗೆ ಬಹು ಜಾಣತನದ್ದಾಗಿ ಕಾಣುತ್ತದೆ. ‘ಸೆಟ್‌ಟರ್ಮ್’ ಎಂಬ ಉಪಕರಣವು ಇದನ್ನೇ ಸುಲಭಗೊಳಿಸುತ್ತದೆ. ಫ್ರೀಬಿಎಸ್‌ಡಿಯಲ್ಲಿ ‘ಕೆಬಿಡಿಕಂಟ್ರೋಲ್’, ಓಪನ್‌ಬಿಎಸ್‌ಡಿಯಲ್ಲಿ ‘ಡಬ್ಲ್ಯುಎಸ್‌ಕಾನ್ಸ್‌ಸಿಟಿಎಲ್’ ಎಂಬವು ಅದೇ ಕೆಲಸಕ್ಕೆ ಇವೆ.

ಎಕ್ಸ್ ಗವಾಕ್ಷ ವ್ಯವಸ್ಥೆಯ ‘ಎಕ್ಸ್‌ಸೆಟ್’ ಆದೇಶವು ಇವೆರಡರ ಜೊತೆಗೆ ಧ್ವನಿಯ ಬಲವನ್ನೂ ಶೇಕಡಾ ಲೆಕ್ಕದಲ್ಲಿ ಕೇಳುತ್ತದೆ. ಆದರೆ ಹಳೆಯ ಗಣಕದ ಧ್ವನಿವರ್ಧಕಕ್ಕೆ ಗೊತ್ತಿದ್ದುದು ನುಡಿಯುವುದು, ಸುಮ್ಮನಿರುವುದು, ಎರಡೇ. ಅದರ ಮುಂದೆ ಶೇಕಡಾ ೩೦ಕ್ಕೂ ೬೦ಕ್ಕೂ ಭೇದವಿರಲಿಲ್ಲ.

ಘಂಟೆಯನ್ನು ಸಂಪೂರ್ಣವಾಗಿ ಅಡಗಿಸುವವರೇ ಹೆಚ್ಚೆಂದು ಆಕ್ಷೇಪಿಸುವುದುಂಟು. ತಪ್ಪು ಕೀಲಿಯನ್ನೊತ್ತಿದಾಗಲೆಲ್ಲ ಕಿರಿಚುವ ಯಂತ್ರವನ್ನು ಸಹಿಸುವುದು ಕಷ್ಟವೇ ಸರಿ. ಆದರೆ ದೀರ್ಘ ಗಣನೆಯು ಮುಗಿಯಿತೆಂದು ದೂರದಲ್ಲಿರುವವನನ್ನು ಕರೆಯುವುದೂ ಅದೇ ಏಳನೆಯ ಸಂಕೇತವಾದುದರಿಂದ ಮೌನದೊಡನೆ ಆ ಕರೆಯೂ ನಷ್ಟವಾಗುತ್ತದೆ. ಪರದೆಯನ್ನು ಕ್ಷಣಕಾಲ ಮಿನುಗಿಸುವ ‘ದೃಶ್ಯಘಂಟೆ’ಯು ಇದಕ್ಕೊಂದು ಪರಿಹಾರ. ಕಿವಿ ಕೇಳದವರಿಗಂತೂ ಅದೊಂದೇ ಘಂಟೆ. ಅದನ್ನು ಕೊರತೆಯ ಪರಿಹಾರವೆಂದು ಭಾವಿಸುವುದು ಸಲ್ಲದು. ಸಂಕೇತಾವಳಿಯು ಕೇಳಿದ್ದು ಗಮನವನ್ನು ಮಾತ್ರ, ನಾದವನ್ನಲ್ಲ. ಈಚಿನ ಅನೇಕ ಗಣಕಗಳಲ್ಲಿ ಆ ಪುಟ್ಟ ಧ್ವನಿವರ್ಧಕವೇ ಇಲ್ಲ. ಆದರೂ ಸಂಕೇತವು ಎಂದಿನಂತೆ ಹೊರಡುತ್ತದೆ. ಗವಾಕ್ಷದ ಅಂಚಿನಲ್ಲಿ ಒಂದು ಸಣ್ಣ ಗುರುತು ಮೂಡುತ್ತದೆ.